ಯಾರ ಖಾತೆಗೂ ಸೇರದ ಹೊತ್ತು

ಕನ್ನಡ ಪಂಡಿತನಿಗೂ ಆಡಿಟರ ಕಚೇರಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ನನ್ನ ಹಳೆಯ ಶಿಷ್ಯನೊಬ್ಬ ಚಿಕ್ಕಮಗಳೂರಿನಲ್ಲಿ ಅಂಥ ಕಚೇರಿ ಇಟ್ಟಿದ್ದಾನೆ. ಸಂಜೆ ಅಲ್ಲಿ ಹೋಗಿ ಕೂರುವುದು ನನ್ನ ರೂಢಿ. ಸಂಬಂಧ ಇಷ್ಟೇ.

ಅಲ್ಲಿಯ ನೌಕರರು ಪ್ರತಿದಿನ ತಮ್ಮ ವೇಳೆಯ ಪಟ್ಟಿ ಬರೆಯಬೇಕು: ಮೂಡಿಗೆರೆಯ ತೋಟದವರ ಲೆಕ್ಕಕ್ಕೆ 3 ಗಂಟೆ, ಕಳಸದ ಅಂಗಡಿಯವರಿಗೆ 2, ಹೀಗೆ. ಆ ಪಟ್ಟಿಯ ಆಧಾರದ ಮೇಲೆಯೇ ಕಕ್ಷಿಗಾರರಿಗೆ ಬಿಲ್ಲು ಹೋಗುವುದು. ಒಂದು ಸಂಜೆ ಶಿಷ್ಯನು ಪಟ್ಟಿಗಳನ್ನು ನನ್ನ ಮುಂದೆ ಹರಡಿ, 'ಇದರಲ್ಲಿ ತಪ್ಪೇನಾದರೂ ಕಾಣುತ್ತದೆಯೇ, ಮೇಷ್ಟ್ರೇ?' ಎಂದ. ಕೂಡುವುದಷ್ಟೇ ನನಗೆ ಬರುವ ಗಣಿತ, ಕೂಡಿ ನೋಡಿದೆ. ಎಲ್ಲರದೂ ಸರಿಯಾಗಿ 8 ಗಂಟೆ. ಅಷ್ಟೂ ಯಾರಾದರೊಬ್ಬ ಕಕ್ಷಿಗಾರನ ಹೆಸರಿಗೇ. ತಪ್ಪೇನೂ ಇಲ್ಲವೆಂದೆ. 'ಅದೇ ತಪ್ಪು' ಎಂದ.

ಯೋಚಿಸಿ ನೋಡಿ. ಹಾಗಾದರೆ ಹೊಸ ಹುಡುಗನಿಗೆ ಜಮಾಖರ್ಚು ಹೇಳಿಕೊಟ್ಟದ್ದು ಯಾವಾಗ? ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಕೈಕಟ್ಟಿ ಕುಳಿತದ್ದು ಯಾವಾಗ? 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂತಲ್ಲ, ಆ ವರ್ಷದ ಪಟ್ಟಿಗಳನ್ನೂ ತೆಗೆಸಿದ. ಹೊಸ ಕಾನೂನನ್ನು ಓದಿದ ಒಂದು ಗಂಟೆಯೂ ಅವುಗಳಲ್ಲಿ ಇರಲಿಲ್ಲ. ಆ ಹೊತ್ತೆಲ್ಲ ಅಷ್ಟಿಷ್ಟಾಗಿ ಕಕ್ಷಿಗಾರರ ಖಾತೆಗಳಲ್ಲಿ ಕರಗಿಹೋಗಿತ್ತು. ಹುಡುಗನ ಪಾಠಕ್ಕೆ ಕಳಸದ ಅಂಗಡಿಯವರು ಶುಲ್ಕ ತೆತ್ತಿದ್ದರು. ಬಿಲ್ಲು ಕೊಡುವವರು ನೀವೇ ಆಗಿರಬಹುದು!

ನೌಕರರು ಸುಳ್ಳುಗಾರರೆಂದು ತೀರ್ಮಾನಿಸಬೇಡಿ. ಹಿಂದೊಮ್ಮೆ ಹಿರಿಯ ಗುಮಾಸ್ತೆಯೊಬ್ಬಳು 'ಹುಡುಗನಿಗೆ ಕಲಿಸಿದ್ದು, 2 ಗಂಟೆ' ಎಂದು ಇದ್ದುದನ್ನು ಇದ್ದಂತೆ ಬರೆದಿದ್ದಳು. ವರ್ಷದ ಕೊನೆಗೆ ಕಚೇರಿಗೆ ಅತಿ ಕಡಿಮೆ ತಂದವಳೆಂದು ಅವಳ ಹೆಸರೇ ಬಂತು, ಸಂಬಳ ಏರಲಿಲ್ಲ. ಮರುವರ್ಷದಿಂದ ಅವಳ ಪಟ್ಟಿಯೂ ನಿರ್ದೋಷವಾಯಿತು. ಇದನ್ನು ಹೇಳುವಾಗ ಶಿಷ್ಯನು ನನ್ನ ಮುಖ ನೋಡಲಿಲ್ಲ.

ಅವನು ತೋಟಗಾರನ ಮಗ. 'ನಿಮ್ಮ ತಂದೆ ಚೆಕ್‌ರೋಲ್ ಹೇಗೆ ಬರೆಸುತ್ತಿದ್ದರು?' ಎಂದು ಕೇಳಿದೆ. ಕಾಫಿಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಣ್ಣಿನ ಕೊಯ್ಲು ನವೆಂಬರಿನಿಂದಾಚೆಗೆ ಕೆಲವೇ ತಿಂಗಳು. ಉಳಿದ ದಿನಗಳಲ್ಲಿ ಕಳೆ, ಚಿಗುರು ತೆಗೆಯುವುದು, ಮಳೆಗೆ ಮುಂಚೆ ಮರಗಸಿ, ಬೋರ್ಡೋ ಸಿಂಪಡಣೆ, ನರ್ಸರಿ, ಬೇಲಿ, ತೋಟದ ರಸ್ತೆ. ಮರಗಸಿಯ ಆಳು ಆ ದಿನ ಒಂದು ಹಣ್ಣನ್ನೂ ತರುವುದಿಲ್ಲ. ಹಾಗೆಂದು ಅವನ ಹಾಜರಿಯನ್ನು ಯಾವ ರೈಟರೂ ಕೊಯ್ಲಿನ ಕಲಮಿನಲ್ಲಿ ಬರೆಯುವುದಿಲ್ಲ. ಬರೆದರೆ ನೆರಳಿಗೆ ಎಷ್ಟು ಖರ್ಚು, ಕೊಯ್ಲಿಗೆ ಎಷ್ಟು ಎಂಬುದು ಯಜಮಾನನಿಗೇ ತಿಳಿಯದು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ಆಳಿನ ದಿನದ ಹರವು 12 ಗಂಟೆ ಮೀರಬಾರದೆಂದು ವಿಧಿಸಿದಾಗ, ವಿಶ್ರಾಂತಿಯನ್ನಷ್ಟೇ ಅಲ್ಲ, ಕೆಲಸಕ್ಕಾಗಿ ಕಾದ ವೇಳೆಯನ್ನೂ ಅದರೊಳಗೇ ಎಣಿಸಿತ್ತು. ಲೆಕ್ಕವೆಂಬ ಮಾತು ಬಂದದ್ದೇ ಬರೆಯುವುದೆಂಬ ಅರ್ಥದ ಧಾತುವಿನಿಂದ. (ಪಂಡಿತನ ಚಟ, ಕ್ಷಮಿಸಿ.)

ಮರುವಾರ ಅವನು ಕಕ್ಷಿಗಾರರ ಹೆಸರುಗಳ ಕೆಳಗೆ 14 ಹೊಸ ಕಲಮುಗಳನ್ನು ಗೆರೆ ಹಾಕಿ ತಂದ. ಅದನ್ನು ತುಂಬುವುದಕ್ಕೇ ಹದಿನೈದನೆಯದು ಬೇಕಾದೀತೆಂದೆ. ಐದಕ್ಕೆ ಇಳಿಯಿತು: ಕಲಿಕೆ, ಕಲಿಸುವಿಕೆ, ಕಚೇರಿಯ ಸ್ವಂತ ಕೆಲಸ, ಕಾಯುವಿಕೆ, ರಜೆ. ಇವುಗಳ ಮೇಲೆ ಯಾರ ಸಂಬಳವೂ ಇಳಿಯದೆಂದು ಎಲ್ಲರನ್ನೂ ಕರೆದು ಹೇಳಿದ.

ಮೊದಲ ತಿಂಗಳು ಯಾರೂ ನಂಬಲಿಲ್ಲ. ಮತ್ತೆ ಅದೇ 8 ಗಂಟೆ. ಆಗ ಅವನು ತನ್ನದೇ ಪಟ್ಟಿಯನ್ನು ಗೋಡೆಗೆ ಅಂಟಿಸಿದ: ಕಾಯುವಿಕೆ 1 ಗಂಟೆ, ಕಾಗದಪತ್ರ ತರುತ್ತೇನೆಂದ ತೋಟದವರು ಬರಲಿಲ್ಲ. ಎರಡನೆಯ ತಿಂಗಳು ಕಾಯುವಿಕೆಯ ಕಲಮು ಎಲ್ಲರ ಪಟ್ಟಿಯಲ್ಲೂ ತುಂಬಿತು. ಕಾಗದಗಳನ್ನು ಗೋಣಿಚೀಲದಲ್ಲಿ ಕಟ್ಟಿ ಗಡುವಿನ ವಾರದಲ್ಲೇ ತರುವವರು ಯಾರು ಯಾರೆಂಬುದೂ ತಿಳಿಯಿತು. ಅವರಿಗೆ ಈಗ ತಿಂಗಳು ಮೊದಲೇ ಕಾಗದ ಹೋಗುತ್ತದೆ.

ಕಳೆದ ವಾರ ಹೋದಾಗ ಆ ಗುಮಾಸ್ತೆಯ ಪಟ್ಟಿ ಮೇಜಿನ ಮೇಲಿತ್ತು. ಕಲಿಸುವಿಕೆ, 3 ಗಂಟೆ. ಪಕ್ಕದಲ್ಲಿ ಹುಡುಗನ ಪಟ್ಟಿ. ಕಲಿಕೆ, 3 ಗಂಟೆ.