ಕಾರಿನ ಹೊಸ್ತಿಲು ಕರಗಿದರೆ ಮೊದಲು ಬಿಸಿ ಎಲ್ಲಿಂದ ಬಂತು ನೋಡಿ

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಸ್ಪೋರ್ಟ್ಸ್ ಕಾರಿನ ಹೊಸ್ತಿಲು.

ಕಾರಿಗೆ ಎಲ್ಲಿಂದ ಬಂತು ಹೊಸ್ತಿಲು ಅಂತೀರಾ? ಬಾಗಿಲು ತೆಗೆದಾಗ ಕೆಳಗೆ ಅಡ್ಡಪಟ್ಟಿ ಕಾಣತ್ತಲ್ಲ, ಡೋರ್ ಸಿಲ್ ಅಂತಾರೆ, ಅದೇ. ಗೀರು ಬೀಳದಿರಲಿ, ನೋಡೋಕೂ ಚೆನ್ನಾಗಿರಲಿ ಅಂತ ಅದರ ಮೇಲೆ ಪ್ಲಾಸ್ಟಿಕ್, ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್ ಹೊದಿಕೆ ಹಾಕಿರ್ತಾರೆ. ಅದು ಟ್ರಿಮ್. ಹೊಸ್ತಿಲು ತುಳೀಬೇಡ ಅಂತ ನಮ್ಮ ಅಜ್ಜಿಯಂದಿರು ಗದರ್ತಾ ಇದ್ದರು. ಕೆಲವು ಕಾರುಗಳಲ್ಲಿ ಹೊಸ್ತಿಲು ಮುಟ್ಟಬೇಡಿ ಅಂತ ಕಂಪನಿಯವರೇ ಸ್ಟಿಕರ್ ಅಂಟಿಸಿರ್ತಾರೆ. ಯಾಕಂದ್ರೆ ಅದರ ಅಡಿಯಲ್ಲೇ ಸೈಲೆನ್ಸರ್ ಪೈಪ್ ಓಡಿರತ್ತೆ.

ಮಾಮೂಲಿ ಕಾರಿನಲ್ಲಿ ಹೊಗೆ ಪೈಪು ನೆಲದಡಿ ಹಾದು ಹಿಂದೆ ಬರತ್ತೆ. ಆದರೆ ಕೆಲವು ಅಮೆರಿಕನ್ ಕಾರುಗಳಲ್ಲಿ ಪಕ್ಕದಲ್ಲೇ ಹೊರಬರತ್ತೆ. 1960ರ ದಶಕದ ಶೆಲ್ಬಿ ಕೋಬ್ರಾ 427 ನೆನಪಿಸಿಕೊಳ್ಳಿ. ಬಾಗಿಲ ಕೆಳಗೆ ದಪ್ಪ ಪೈಪು, ಬಯಲಲ್ಲೇ. ಇಳಿಯುವಾಗ ಮೀನಖಂಡಕ್ಕೆ ತಾಗಿದರೆ ಚುರ್ ಅಂತ ಸುಡತ್ತೆ. ಆ ಗುರುತಿಗೆ ಕಾರುಪ್ರಿಯರು ಇಟ್ಟ ಹೆಸರೇ 'ಹಾವಿನ ಕಡಿತ'. ಕೋಬ್ರಾ ಅಂದ್ರೆ ನಾಗರಹಾವು ತಾನೆ!

ಆಮೇಲೆ ಬಂದದ್ದು ಡಾಡ್ಜ್ ವೈಪರ್. ವೈಪರ್ ಅಂದ್ರೆ ನಮ್ಮ ಕೊಳಕುಮಂಡಲದ ಕುಲ. 1989ರ ಡೆಟ್ರಾಯಿಟ್ ಆಟೋ ಶೋನಲ್ಲಿ ಮಾದರಿ ತೋರಿಸಿದರು, 1992ರಲ್ಲಿ ಮಾರಾಟಕ್ಕೆ ಬಂತು. 8 ಲೀಟರ್, ವಿ10 ಇಂಜಿನ್, 400 ಅಶ್ವಶಕ್ತಿ. ಹೊರಗಡೆ ಬಾಗಿಲ ಹಿಡಿಕೆ ಕೂಡ ಇರಲಿಲ್ಲ. ಅದರಲ್ಲಿ ಬರೀ ಪೈಪಲ್ಲ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹೊಸ್ತಿಲ ಒಳಗೇ. 1996ರಲ್ಲಿ ಹೊಗೆ ಹಿಂದಿನಿಂದ ಬರೋ ಹಾಗೆ ಬದಲಾಯಿಸಿದರು, 2003ರ ಹೊಸ ಮಾದರಿಯಲ್ಲಿ ಮತ್ತೆ ಪಕ್ಕಕ್ಕೇ ತಂದರು. 2017ರಲ್ಲಿ ಕಾರು ನಿಂತೇ ಹೋಯ್ತು. ಇಂಥ ಕಾರುಗಳಲ್ಲಿ ಹೊಸ್ತಿಲು ಬೆಚ್ಚಗಾಗೋದು ರೋಗ ಅಲ್ಲ, ಅದು ಹುಟ್ಟುಗುಣ. ಆದರೆ ಹೊಸ್ತಿಲ ಟ್ರಿಮ್ ಕರಗಿದರೆ, ಉಬ್ಬಿದರೆ, ಅಂಟು ಬಿಟ್ಟು ಎದ್ದರೆ ಅದು ಬೇರೆ ಮಾತು.

ನಾನು ಡೆಟ್ರಾಯಿಟ್ ಪಕ್ಕದಲ್ಲಿ ಇದೇ ಕೆಲಸ ಮಾಡೋನು, ವಾಹನದ ಬಿಸಿ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಅಂತ ಲೆಕ್ಕ ಹಾಕೋದು. ಹೋದ ಬೇಸಿಗೆಯಲ್ಲಿ ಹಾಸನದ ನನ್ನ ಸ್ನೇಹಿತನೊಬ್ಬ ಫೋನ್ ಮಾಡಿದ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಹಳೇ ಸ್ಪೋರ್ಟ್ಸ್ ಕಾರು ತಗೊಂಡಿದ್ದ, ಪಕ್ಕದಲ್ಲಿ ಪೈಪ್ ಇರೋದು. ಕಂಪನಿ ಯಾವುದು ಅನ್ನೋದು ಇಲ್ಲಿ ಬೇಡ. "ಮಾರಾಯ, ಹೊಸ್ತಿಲ ಪ್ಲಾಸ್ಟಿಕ್ ಹಪ್ಪಳದ ಥರ ಉಬ್ಬಿದೆ. ಹೊಸದು ಆರ್ಡರ್ ಮಾಡ್ತೀನಿ. ಯಾವ ಅಂಟು ಒಳ್ಳೇದು ಹೇಳು" ಅಂದ. ಎರಡು ವಾರದಲ್ಲಿ ಅವನ ಅಮ್ಮ ಊರಿಂದ ಬರೋರಿದ್ದರು, ಒಂದು ರೌಂಡ್ ಕರ್ಕೊಂಡು ಹೋಗೋ ಆಸೆ.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಎರಡೂ ಕಡೆ ಉಬ್ಬಿದೆಯಾ?" "ಇಲ್ಲ, ಬಲಗಡೆ ಮಾತ್ರ." ಬಲಗಡೆ ಅಂದ್ರೆ ಅಮೆರಿಕದಲ್ಲಿ ಪಕ್ಕದವರು ಕೂರೋ ಕಡೆ. ಅಮ್ಮ ಕೂರೋ ಕಡೆ.

ಇದೇ ಮುಖ್ಯ ಸುಳಿವು, ಗಮನಿಸಿ. ಎರಡೂ ಕಡೆ ಒಂದೇ ರೀತಿ ಬಿಸಿ ಇದ್ರೆ ಅದು ವಿನ್ಯಾಸದ ಗುಣ ಇರಬಹುದು. ಒಂದೇ ಕಡೆ ಕರಗಿದ್ರೆ ಆ ಕಡೆ ಏನೋ ಕೆಟ್ಟಿದೆ. ಟ್ರಿಮ್ ಬದಲಾಯಿಸೋದು ಅಂದ್ರೆ ಜ್ವರ ಬಂದಾಗ ಥರ್ಮಾಮೀಟರ್ ಬದಲಾಯಿಸಿದ ಹಾಗೆ.

ಸ್ವಲ್ಪ ಲೆಕ್ಕ ನೋಡೋಣ. ಕಾರಿನೊಳಗೆ ತುಂಬಾ ಬಳಸೋ ಎಬಿಎಸ್ ಪ್ಲಾಸ್ಟಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗತ್ತೆ. ಪಿವಿಸಿ ಅದಕ್ಕೂ ಮೊದಲೇ, 80ರ ಆಸುಪಾಸು. ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರು ಮಾಡೋದೇ 250-300 ಡಿಗ್ರಿಯಲ್ಲಿ. ಇಂಜಿನ್ನಿನ ಒಂದು ಸಿಲಿಂಡರ್‌ನಲ್ಲಿ ಕಿಡಿ ಸರಿಯಾಗಿ ಹತ್ತದಿದ್ರೆ, ಅದಕ್ಕೆ ಮಿಸ್‌ಫೈರ್ ಅಂತಾರೆ, ಸುಡದ ಪೆಟ್ರೋಲ್ ಹೊಗೆ ಜೊತೆ ಹೋಗಿ ಕನ್ವರ್ಟರ್ ಒಳಗೆ ಉರಿಯತ್ತೆ. ಆಗ ಒಳಗಿನ ಬಿಸಿ 1000 ಡಿಗ್ರಿ ದಾಟಬಹುದು. ಬಿಸಿ ವಸ್ತು ಸುತ್ತ ಚೆಲ್ಲೋ ವಿಕಿರಣ ಅದರ ಉಷ್ಣತೆಯ ನಾಲ್ಕನೇ ಘಾತದ ಲೆಕ್ಕದಲ್ಲಿ ಏರತ್ತೆ. 300 ಡಿಗ್ರಿ ಇದ್ದದ್ದು 600 ಆದ್ರೆ ವಿಕಿರಣ ಎರಡು ಪಟ್ಟಲ್ಲ, ಐದು ಪಟ್ಟಿಗೂ ಜಾಸ್ತಿ.

ಶನಿವಾರ ಅವನ ಮನೆಗೆ ಹೋದೆ. ಬಿಸಿ ಅಳೆಯೋ ಇನ್‌ಫ್ರಾರೆಡ್ ಗನ್ ತಗೊಂಡು ಹೋಗಿದ್ದೆ. ಇಲ್ಲೊಂದು ಉಪಯೋಗದ ಮಾತು: ಹೊಳೆಯೋ ಲೋಹದ ಮೇಲೆ ಈ ಗನ್ ಕಡಿಮೆ ತೋರಿಸತ್ತೆ. ಅದಕ್ಕೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ, ಆ ಟೇಪಿನ ಮೇಲೆ ಅಳೀಬೇಕು. ಅರ್ಧ ಗಂಟೆ ಓಡಿಸಿ ಬಂದು ನೋಡಿದ್ರೆ ಎಡಗಡೆ 48, ಬಲಗಡೆ 79. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಅಳೆದಾಗ ಬಲಗಡೆ 86.

ಆಫ್ ಮಾಡಿದ ಮೇಲೆ ಹೇಗೆ ಏರತ್ತೆ? ಓಡುವಾಗ ಗಾಳಿ ಬಿಸಿಯನ್ನ ಹೊತ್ತುಕೊಂಡು ಹೋಗ್ತಾ ಇರತ್ತೆ. ನಿಂತ ಕೂಡಲೇ ಗಾಳಿ ನಿಂತು, ಪೈಪಿನಲ್ಲಿ ಕೂತಿರೋ ಬಿಸಿ ನಿಧಾನಕ್ಕೆ ಮೇಲಕ್ಕೆ ಬರತ್ತೆ. ಅಂದ್ರೆ ಹೊಸ್ತಿಲು ಹೆಚ್ಚು ಅಪಾಯ ಆಗೋದು ನಾವು ಇಳಿಯೋ ಹೊತ್ತಿಗೇ. 60 ಡಿಗ್ರಿ ನೀರು ಚರ್ಮ ಸುಡೋಕೆ ಸುಮಾರು 5 ಸೆಕೆಂಡ್ ಸಾಕು. ಮಂಡಿನೋವಿರೋ ಹಿರಿಯರು ಅಷ್ಟು ತಗ್ಗಿರೋ ಕಾರಿನಿಂದ ಏಳುವಾಗ ಹೊಸ್ತಿಲ ಮೇಲೆ ಕೈ ಊರ್ತಾರೆ, ಕಾಲು ಒರಗಿಸ್ತಾರೆ. ಲೆಕ್ಕ ನೀವೇ ಹಾಕಿ.

ಕಾರು ತಣ್ಣಗಾದ ಮೇಲೆ ಜಾಕ್ ಮಾತ್ರ ನಂಬದೆ ಸ್ಟ್ಯಾಂಡ್ ಕೊಟ್ಟು ಎತ್ತಿ ನೋಡಿದ್ವಿ. ಪೈಪಿನ ಮೇಲಿರಬೇಕಾದ ಅಲ್ಯೂಮಿನಿಯಂ ಹೀಟ್ ಶೀಲ್ಡ್‌ನ ಎರಡು ಬೋಲ್ಟ್ ಇರಲೇ ಇಲ್ಲ. ಶೀಲ್ಡ್ ಜಾರಿ ಪೈಪಿಗೆ ತಾಗಿ ಕೂತಿತ್ತು. ಜೊತೆಗೆ ಸ್ನೇಹಿತ ಮೆಲ್ಲಗೆ ಹೇಳಿದ, "ಆಗಾಗ ಚೆಕ್ ಇಂಜಿನ್ ಲೈಟ್ ಮಿಣಮಿಣ ಅನ್ನತ್ತೆ, ಆಮೇಲೆ ಸುಮ್ಮನಾಗತ್ತೆ." ಆ ಲೈಟ್ ಸುಮ್ಮನೆ ಹತ್ತಿಕೊಂಡಿದ್ರೆ ಒಂದು ಅರ್ಥ, ಮಿಣಮಿಣ ಅಂದ್ರೆ ಇನ್ನೊಂದು. ಮಿನುಗ್ತಾ ಇದ್ರೆ ಕನ್ವರ್ಟರ್ ಹಾಳು ಮಾಡುವಷ್ಟು ಮಿಸ್‌ಫೈರ್ ಆಗ್ತಿದೆ ಅಂತ. ಆಗ ಜೋರಾಗಿ ಓಡಿಸಬಾರದು, ಆದಷ್ಟು ಬೇಗ ನಿಲ್ಲಿಸಬೇಕು. ಒಣ ಹುಲ್ಲಿನ ಮೇಲಂತೂ ನಿಲ್ಲಿಸಲೇಬಾರದು, ಬೆಂಕಿ ಹತ್ತಬಹುದು.

ಹಾಗಾದ್ರೆ ರಿಪೇರಿ ಯಾವ ಕ್ರಮದಲ್ಲಿ? ಮೊದಲು ಮೂಲ. ಬಲಗಡೆಯ ಒಂದು ಇಗ್ನಿಷನ್ ಕಾಯಿಲ್ ಹೋಗಿತ್ತು, ಅದನ್ನ ಮತ್ತು ಸ್ಪಾರ್ಕ್ ಪ್ಲಗ್‌ಗಳನ್ನ ಬದಲಾಯಿಸಿದ್ದಾಯ್ತು. ಪೈಪಿನ ಜೋಡಣೆಗಳಲ್ಲಿ ಹೊಗೆ ಸೋರ್ತಿದೆಯಾ ನೋಡಿದ್ವಿ. ಗ್ಯಾಸ್ಕೆಟ್ ಸೋರಿದ್ರೆ ಬಿಸಿ ಹೊಗೆ ಪಿಚಕಾರಿ ಥರ ಒಂದೇ ಜಾಗಕ್ಕೆ ಹೊಡೆಯತ್ತೆ.

ಎರಡನೇದು ಶೀಲ್ಡ್. ಇದು ಕೆಲಸ ಮಾಡೋದು ಹೊಳಪಿನಿಂದ ಮತ್ತು ಗಾಳಿಯ ಅಂತರದಿಂದ. ಪೈಪಿಗೂ ಶೀಲ್ಡ್‌ಗೂ ಮಧ್ಯೆ ಜಾಗ ಬೇಕು, ಶೀಲ್ಡ್‌ಗೂ ಬಾಡಿಗೂ ಮಧ್ಯೆಯೂ ಬೇಕು. ತಾಗಿದ್ರೆ ಅದು ಗುರಾಣಿ ಅಲ್ಲ, ಬಿಸಿ ದಾಟೋ ಸೇತುವೆ. ಕೆಲವರು ಪೈಪಿಗೆಲ್ಲ ಬಟ್ಟೆ ಥರದ ಎಕ್ಸಾಸ್ಟ್ ವ್ರ್ಯಾಪ್ ಸುತ್ತಿಬಿಡ್ತಾರೆ. ಕನ್ವರ್ಟರ್‌ಗೆ ಮಾತ್ರ ಸುತ್ತಬೇಡಿ, ಒಳಗೇ ಬೆಂದುಹೋಗತ್ತೆ. ಸಾದಾ ಉಕ್ಕಿನ ಪೈಪಿಗೆ ಸುತ್ತಿದ್ರೆ ತೇವ ಹಿಡಿದು ತುಕ್ಕು ಬರತ್ತೆ, ಎಣ್ಣೆ ನೆನೆದ್ರೆ ಹತ್ತಿಕೊಳ್ಳಲೂಬಹುದು.

ಟ್ರಿಮ್‌ನ ಸರದಿ ಕೊನೆಗೆ. ಒಮ್ಮೆ ಉಬ್ಬಿದ ಪ್ಲಾಸ್ಟಿಕ್ಕನ್ನ ಹೀಟ್ ಗನ್ ಹಿಡಿದು ನೇರ ಮಾಡ್ತೀನಿ ಅಂದ್ರೆ ಸಾಮಾನ್ಯವಾಗಿ ಅಂದ ಬರಲ್ಲ, ಕ್ಲಿಪ್ಪುಗಳೂ ಹಿಡಿಯಲ್ಲ. ಹೊಸದೇ ಹಾಕಿ. ಹಳೇ ಅಂಟನ್ನ ಪೂರ್ತಿ ತೆಗೆದು, ಟ್ರಿಮ್‌ನ ಅಡಿಗೆ ಫಾಯಿಲ್ ಮುಖದ ತೆಳು ಇನ್ಸುಲೇಷನ್ ಅಂಟಿಸಿ, ಹೊಳೆಯೋ ಮುಖ ಪೈಪಿನ ಕಡೆ ಇರಲಿ. ಡಬಲ್ ಸೈಡ್ ಟೇಪ್ ತಗೊಳ್ಳುವಾಗ ಪ್ಯಾಕೆಟ್ ಮೇಲೆ ಎರಡು ಉಷ್ಣತೆ ಬರೆದಿರಬಹುದು, ಒಂದು ಸ್ವಲ್ಪ ಹೊತ್ತಿಗೆ, ಇನ್ನೊಂದು ದಿನವಿಡೀ ತಡೆಯೋದು. ಎರಡನೇದನ್ನೇ ನಂಬಿ.

ಸ್ನೇಹಿತ ಕೇಳಿದ, "ಪ್ಲಾಸ್ಟಿಕ್ ಸಹವಾಸವೇ ಬೇಡ, ಸ್ಟೀಲ್ ಪ್ಲೇಟ್ ಹಾಕಿಸ್ಲಾ?" ಸ್ಟೀಲ್ ಕರಗಲ್ಲ ನಿಜ. ಆದರೆ ಅದೇ ಬಿಸಿಯಲ್ಲಿ ಪ್ಲಾಸ್ಟಿಕ್ಕಿಗಿಂತ ಲೋಹ ಚರ್ಮವನ್ನ ಬೇಗ ಸುಡತ್ತೆ, ಬಿಸಿಯನ್ನ ಅಷ್ಟು ವೇಗವಾಗಿ ದಾಟಿಸತ್ತೆ. ಟ್ರಿಮ್ ಉಳಿಯತ್ತೆ, ಅಮ್ಮನ ಕಾಲು ಸುಡತ್ತೆ. ಬೇಡ ಅಂದೆ.

ಎಲ್ಲ ಮುಗಿಸಿ ಅಳೆದಾಗ ಬಲಗಡೆ 50. ಎಡಗಡೆಗೆ ಹತ್ತಿರ. ಅಮ್ಮ ಬಂದ್ರು, ಒಂದು ರೌಂಡ್ ಹೋದ್ರು. ಕೊನೆಯ ಐದು ನಿಮಿಷ ಅವನು ನಿಧಾನಕ್ಕೆ ಓಡಿಸಿದ, ಇಳಿಯೋ ಮೊದಲು ಹೊಸ್ತಿಲ ಮೇಲೆ ದಪ್ಪ ಟವೆಲ್ ಮಡಚಿ ಹಾಕಿದ. "ಇಷ್ಟೆಲ್ಲಾ ಮಡಿ ಇರೋ ಕಾರು ಯಾಕೋ ತಗೊಂಡೆ?" ಅಂದ್ರಂತೆ.

ನಿಮ್ಮಲ್ಲಿ ಹೆಚ್ಚಿನವರ ಹತ್ತಿರ ಇರೋದು ಬೈಕ್, ನನಗೆ ಗೊತ್ತು. ಆದರೆ ಲೆಕ್ಕ ಅದೇ. ಸೈಲೆನ್ಸರ್ ಮೇಲಿನ ಗಾರ್ಡ್ ಪ್ಲೇಟ್ ಸ್ಟೈಲ್‌ಗೆ ಅಂತ ಬಿಚ್ಚಿಸಬೇಡಿ. ಹಿಂದೆ ಕೂತ ತಂಗಿಗೋ ಅಕ್ಕನ ಮಗುವಿಗೋ ಯಾವ ಕಡೆಯಿಂದ ಇಳೀಬೇಕು ಅಂತ ಮೊದಲೇ ಹೇಳಿ. ಸುಟ್ಟರೆ ಟೂತ್‌ಪೇಸ್ಟ್ ಬೇಡ, ಇಂಕ್ ಬೇಡ, ಐಸ್ ಬೇಡ. ಕಾಲ್ಗೆಜ್ಜೆ ಇದ್ರೆ ತೆಗೆದು, ಹರಿಯೋ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡೀರಿ. ಬೊಬ್ಬೆ ಒಡೀಬೇಡಿ, ದೊಡ್ಡದಿದ್ರೆ ಡಾಕ್ಟರ್ ಹತ್ರ ಹೋಗಿ.

ಏನಾದ್ರೂ ಕರಗಿದ್ರೆ, ಬಣ್ಣ ಬದಲಾದ್ರೆ, ಸುಟ್ಟ ವಾಸನೆ ಬಂದ್ರೆ ಅಂಗಡಿಗೆ ಓಡೋ ಮೊದಲು ಬಗ್ಗಿ ಅಡಿಯಲ್ಲಿ ನೋಡಿ.