ಉತ್ತರ ಬರುವ ಮುನ್ನ

ಮಾರ್ಚ್ ಕೊನೆಯ ಹೊತ್ತಿಗೆ ಅರಸೀಕೆರೆ, ಬೇಲೂರು, ಹಳೇಬೀಡಿನ ಕೆಲವು ಮನೆಗಳಲ್ಲಿ ಮಕ್ಕಳು ಮೊಬೈಲ್ ಕೆಳಗಿಡುವುದಿಲ್ಲ. ಸ್ನಾತಕೋತ್ತರ ಪ್ರವೇಶಕ್ಕೆ ಬರೆದ ಗೇಟ್ ಪರೀಕ್ಷೆಯ ಫಲಿತಾಂಶ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೋ ಅಮೆರಿಕಕ್ಕೋ ಅರ್ಜಿ ಹೋಗಿದೆ, ಉತ್ತರ ಮಾತ್ರ ಇಲ್ಲ. ಪ್ರೊಫೆಸರಿಗೇ ಒಂದು ಮೇಲ್ ಹಾಕಿಬಿಡೋಣವೇ?

ಹಾಕಬಹುದು. ಆದರೆ "ಸರ್, ನನ್ನ ಸೀಟು ಏನಾಯಿತು?" ಎಂದಲ್ಲ. ಹೆಚ್ಚಿನ ಕಡೆ ಆಯ್ಕೆ ಮಾಡುವುದು ಸಮಿತಿ. ಅರ್ಜಿಯ ವಿಚಾರ ಕೇಳಬೇಕಾದದ್ದು ಪ್ರವೇಶ ಕಚೇರಿಯನ್ನು. ಶಾಸಕರಿಂದ ಫೋನ್ ಮಾಡಿಸುವ ನಮ್ಮೂರ ಚಾಳಿಯಂತೂ ಇಲ್ಲಿ ಬೇಡವೇ ಬೇಡ.

ಪ್ರಾಧ್ಯಾಪಕರಿಗೆ ಬರೆಯುವುದಾದರೆ ಅವರ ಸಂಶೋಧನೆ ಓದಿಕೊಂಡು ಬರೆಯಿರಿ, ಚುಟುಕಾಗಿ. ಬೇಲೂರು ದೇಗುಲದ ಮದನಿಕೆ ಶಿಲ್ಪಗಳನ್ನು ನೋಡಿದವರಿಗೆ ಗೊತ್ತು: ಅವುಗಳಲ್ಲಿ ಕೆಲವನ್ನು ಕೆತ್ತಿದ ಶಿಲ್ಪಿ ಚಾವಣ ತಾನು ಬಳ್ಳಿಗಾವೆಯ ದಾಸೋಜನ ಮಗನೆಂದು ಬರೆಸಿಕೊಂಡಿದ್ದಾನೆ. ಹೆಸರು, ಊರು, ಕಲಿತ ಮನೆ, ಮೇಲೆ ಅವನ ಕೆಲಸ. ನಿಮ್ಮ ಪತ್ರಕ್ಕೂ ಅಷ್ಟು ಸಾಕು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಸುಮ್ಮನಿರಿ. ನಮ್ಮವರದೊಂದು ವಿಚಿತ್ರ: ಪಕ್ಕದ ಕಾಲೇಜಿನ ಮೇಷ್ಟ್ರ ಹತ್ತಿರ ಶಿಫಾರಸು ಪತ್ರ ಕೇಳಲು ಸಂಕೋಚ, ಕಾಣದ ಪ್ರೊಫೆಸರಿಗೆ ದಿನಕ್ಕೊಂದು ಮೇಲ್!

ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಆರ್ಥಿಕ ನೆರವಿನ ಸೀಟು ಒಪ್ಪಿಕೊಳ್ಳಲು ಏಪ್ರಿಲ್ 15ರವರೆಗೆ ಕಾಲ ಕೊಡುತ್ತವೆ. ಒಂದು ಕಡೆ ಸಿಕ್ಕಿ ಇನ್ನೊಂದಕ್ಕೆ ಕಾಯುತ್ತಿದ್ದರೆ, ಆ ಗಡುವು ತಿಳಿಸಿ ವಿಚಾರಿಸುವುದರಲ್ಲಿ ತಪ್ಪಿಲ್ಲ. ಹಾಗೆಯೇ, ಬೇಡವಾದ ಸೀಟನ್ನು ಹಿಡಿದುಕೊಂಡು ಕೂರಬೇಡಿ. ಕಾಯುವ ಪಟ್ಟಿಯಲ್ಲಿ ಇನ್ನೊಬ್ಬರ ಮಗುವಿದೆ. ಬೇಡವೆಂದು ಇವತ್ತೇ ಬರೆದು ತಿಳಿಸಿ.