ಪುಟ ಹಿಂದಕ್ಕೆ ತಿರುವಿ ಓದುವ ಕಾದಂಬರಿ

ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಅಂದಿನಿಂದ ಮೈಸೂರಿನ ಕಿವಿಗೆ ಬಾನುಲಿಯಲ್ಲಿ ಸಾಹಿತ್ಯ ಕೇಳಿ ಅಭ್ಯಾಸ. ಈಗ ಮೊಬೈಲಿನಲ್ಲೇ ಆಡಿಯೊ ಪುಸ್ತಕಗಳು ಬಂದಿವೆ. ಅಡುಗೆ ಮಾಡುತ್ತ, ಬಸ್ಸಿನಲ್ಲಿ ಕೂತು, ಬೆಳಗಿನ ವಾಕಿಂಗ್ ಹೋಗುತ್ತ ಕಾದಂಬರಿ ಕೇಳಿ ಮುಗಿಸುವವರಿದ್ದಾರೆ. ಪುಸ್ತಕ ಹಿಡಿದು ಕೂರಲು ಬಿಡುವಿಲ್ಲದವರಿಗೆ ಇದು ದೊಡ್ಡ ಉಪಕಾರ. ಆದರೆ ಹೀಗೆ ಕೇಳಲು ತೊಡಗಿದ ದೊಡ್ಡ ಕಾದಂಬರಿಯೊಂದನ್ನು ಅರ್ಧಕ್ಕೇ ಬಿಟ್ಟು, ಯಾಕೋ ಹಿಡಿಸಲಿಲ್ಲ ಎಂದುಬಿಡುವುದೂ ಉಂಟು. ಅಂಥ ಸಂದರ್ಭದಲ್ಲಿ ಕೃತಿಯನ್ನೋ ತಮ್ಮ ತಾಳ್ಮೆಯನ್ನೋ ದೂರುವ ಮೊದಲು ಯೋಚಿಸಬೇಕಾದದ್ದು ಒಂದಿದೆ. ಕೆಲವು ಕಾದಂಬರಿಗಳು ಅಚ್ಚಿನ ಪುಟವನ್ನು ನಂಬಿಯೇ ಕಟ್ಟಿದವು. ಪುಟ ತೆಗೆದುಬಿಟ್ಟರೆ ಅವುಗಳ ಒಂದು ಭಾಗವೇ ಬಿದ್ದುಹೋಗುತ್ತದೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೇ ತೆಗೆದುಕೊಳ್ಳೋಣ. 1967ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು ಎಂದು ಮನೆತನಗಳೇ ಹಲವು. ಸಿಂಬಾವಿಯ ಭರಮೈ ಹೆಗ್ಗಡೆ, ಹಳೆಮನೆಯ ಸುಬ್ಬಣ್ಣ ಹೆಗ್ಗಡೆ, ಬೆಟ್ಟಳ್ಳಿಯ ಕಲ್ಲಯ್ಯ ಗೌಡ, ಕೋಣೂರಿನ ರಂಗಪ್ಪ ಗೌಡ. ಒಂದೊಂದು ಮನೆಗೂ ಅದರದೇ ಹೆಂಗಸರು, ಮಕ್ಕಳು, ಆಳುಕಾಳು. ಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡಿನ ದಾರಿ ಹಿಡಿದಾಗ ಒಂದು ಎಳೆ ತೆರೆದುಕೊಳ್ಳುತ್ತದೆ. ಮುಕುಂದಯ್ಯ–ಚಿನ್ನಮ್ಮರದು ಇನ್ನೊಂದು, ಐತ–ಪೀಂಚಲುವಿನದು ಮತ್ತೊಂದು. ಒಂದು ಎಳೆ ಬಿಟ್ಟುಹೋಗಿ ಎಷ್ಟೋ ಪುಟಗಳಾದ ಮೇಲೆ ಮರಳಿ ಬರುತ್ತದೆ. ಆಗ ಓದುಗ ಮಾಡುವುದೇನು? ಪುಟ ಹಿಂದಕ್ಕೆ ತಿರುವುತ್ತಾನೆ. ಈ ಹೆಗ್ಗಡೆ ಯಾವ ಮನೆಯವರು, ಈ ಹುಡುಗಿಯನ್ನು ಕೇಳಲು ಬಂದವರು ಯಾರ ಕಡೆಯವರು ಎಂದು ನೋಡಿಕೊಂಡು ಮುಂದಕ್ಕೆ ಬರುತ್ತಾನೆ. ಎಡಪುಟದ ಕೆಳಗಡೆ ಎಲ್ಲೋ ಇತ್ತಲ್ಲ ಎಂದು ಕಣ್ಣು ಜಾಗವನ್ನೇ ನೆನಪಿಟ್ಟುಕೊಂಡಿರುತ್ತದೆ. ಅರ್ಧ ನಿಮಿಷದ ಕೆಲಸ. ಆಡಿಯೊದಲ್ಲಿ ಅದೇ ಹೆಸರು ಹುಡುಕಬೇಕೆಂದರೆ ಗಂಟೆಗಟ್ಟಲೆ ಧ್ವನಿಯಲ್ಲಿ ಕುರುಡಾಗಿ ತಡಕಾಡಬೇಕು. ಹುಡುಕುವವರು ಕಡಿಮೆ, ಗೊತ್ತಾಗದಿದ್ದರೂ ಸಾಗಲಿ ಎಂದು ಬಿಡುವವರೇ ಹೆಚ್ಚು. ಹಾಗೆ ನಾಲ್ಕು ಸಲ ಬಿಟ್ಟ ಮೇಲೆ ಯಾರ ದುಃಖ ಯಾರದು ಎಂಬುದೇ ಕಲಸಿಹೋಗುತ್ತದೆ.

ಹಿಂದಿರುಗಿ ನೋಡುವುದು ದಡ್ಡ ಓದುಗರ ಲಕ್ಷಣವೇನಲ್ಲ. ಓದುವಾಗ ಕಣ್ಣು ಒಂದೇ ಸಮನೆ ಹರಿಯುವುದಿಲ್ಲ, ಹಾರಿ ಹಾರಿ ನಿಲ್ಲುತ್ತದೆ. ಈ ಚಲನೆಯನ್ನು ದಶಕಗಳ ಕಾಲ ಅಭ್ಯಸಿಸಿದ ಅಮೆರಿಕದ ಮನೋವಿಜ್ಞಾನಿ ಕೀತ್ ರೇನರ್ ಕಂಡುಕೊಂಡಂತೆ, ಇಂಗ್ಲಿಷ್ ಓದುವ ನುರಿತವರಲ್ಲೂ ನೂರಕ್ಕೆ 10ರಿಂದ 15 ಹಾರಿಕೆಗಳು ಹಿಂದಕ್ಕೇ ಇರುತ್ತವೆ. 2014ರಲ್ಲಿ ಅವರೂ ಅವರ ಸಂಗಡಿಗರೂ ಒಂದು ಪ್ರಯೋಗ ಮಾಡಿದರು: ಕಣ್ಣು ದಾಟಿದ ಪದ ಪರದೆಯ ಮೇಲೆ ಮತ್ತೆ ಕಾಣದಂತೆ ಮುಚ್ಚಿದರು. ಓದಿದವರಿಗೆ ಅರ್ಥವಾಗುವುದು ಕಡಿಮೆಯಾಯಿತು. ಕೇಳುವವರ ಸ್ಥಿತಿ ಬಹುಮಟ್ಟಿಗೆ ಇದೇ. ಆಡಿದ ಮಾತು ಆಡಿದಂತೆಯೇ ಕರಗುತ್ತದೆ.

ನಮ್ಮ ಕನ್ನಡದ ವಾಕ್ಯಕ್ಕೆ ಇದರ ಮೇಲೊಂದು ತೊಡಕಿದೆ. ನಾವು ಕ್ರಿಯಾಪದವನ್ನು ಕೊನೆಗೆ ಇಡುವವರು. ಕಾದಂಬರಿಯಲ್ಲಿ ಪಾತ್ರವೊಂದು ನಾಲ್ಕು ಸಾಲು ಮಾತಾಡುತ್ತದೆ. ‘ಎಂದಳು’, ‘ಎಂದುಕೊಂಡ’ ಎಂಬುದು ಆಮೇಲೆ ಬರುತ್ತದೆ. ಆಡಿದ ಮಾತೋ, ಮನಸ್ಸಿನೊಳಗೇ ಅಂದುಕೊಂಡದ್ದೋ ಎಂಬುದು ಕೇಳುವವನಿಗೆ ಕೊನೆಯ ಪದದವರೆಗೂ ತಿಳಿಯುವುದಿಲ್ಲ. ಅಚ್ಚಿನಲ್ಲಾದರೆ ಉದ್ಧರಣ ಚಿಹ್ನೆ ಮೊದಲೇ ಸುಳಿವು ಕೊಡುತ್ತದೆ, ಹೊಸ ಸಾಲು ಆಳು ಬದಲಾದದ್ದನ್ನು ಹೇಳುತ್ತದೆ. ಧ್ವನಿ ಕೊಡುವವರು ಇದನ್ನು ಸರಿಪಡಿಸಲು ಒಬ್ಬೊಬ್ಬ ಪಾತ್ರಕ್ಕೆ ಒಂದೊಂದು ಗಂಟಲು ತರುತ್ತಾರೆ. ಅಲ್ಲಿಂದ ಇನ್ನೊಂದು ಕಷ್ಟ ಶುರುವಾಗುತ್ತದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಗಂಭೀರವಾದದ್ದು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಕಲಿಸಿದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ಹೊರಡುತ್ತಾರೆ, ದಾರಿಯಲ್ಲಿ ಪುಟ್ಟ ಎಂಬುವನು ಗಂಟುಬೀಳುತ್ತಾನೆ, ಇಬ್ಬರೂ ಮೇಳಿಗೆಯ ಜಾತ್ರೆ ಸೇರುತ್ತಾರೆ. ಆ ಪುಟಗಳಲ್ಲಿ ಆಚಾರ್ಯರೊಳಗೆ ಏಳುವ ಪ್ರಶ್ನೆಗಳು ಪೂರ್ತಿ ಅವರವೇ, ಅಥವಾ ಪಕ್ಕದಲ್ಲಿ ನಿಂತು ನೋಡುತ್ತಿರುವ ಕಥೆಗಾರನ ದನಿಯೂ ಅವುಗಳಲ್ಲಿ ಸೇರಿದೆಯೇ ಎಂಬುದು ತೀರ್ಮಾನವಾಗದೆ ಉಳಿಯುತ್ತದೆ. ಹಾಗೆ ಉಳಿದಿರುವುದೇ ಆ ಬರವಣಿಗೆಯ ಬಲ. ಓದುಗ ಒಂದು ಪ್ರಶ್ನೆಯನ್ನು ಸಂಕಟವೆಂದು ಓದಿ, ಮತ್ತೊಮ್ಮೆ ಆತ್ಮವಂಚನೆಯೆಂದು ಓದಬಲ್ಲ, ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಬಲ್ಲ. ಗಟ್ಟಿಯಾಗಿ ಓದುವವರಿಗೆ ಆ ಸ್ವಾತಂತ್ರ್ಯವಿಲ್ಲ. ದನಿ ನಡುಗಿಸಬೇಕು, ಇಲ್ಲವೇ ನಡುಗಿಸದೆ ಓದಬೇಕು. ಎಷ್ಟೇ ಒಳ್ಳೆಯ ಕಲಾವಿದರಾದರೂ ಒಂದು ಅರ್ಥ ಆರಿಸಿಕೊಂಡು ಇನ್ನೊಂದನ್ನು ಕೈಬಿಟ್ಟಿರುತ್ತಾರೆ, ಕೇಳುವವರಿಗೆ ಹಾಗೆ ಬಿಟ್ಟದ್ದು ಗೊತ್ತೂ ಆಗುವುದಿಲ್ಲ. ನೆನಪು ಮತ್ತು ವರ್ತಮಾನ ಒಂದರೊಳಗೊಂದು ಹೊಕ್ಕುಬರುವ ಎಸ್.ಎಲ್. ಭೈರಪ್ಪನವರ ‘ಪರ್ವ’ಕ್ಕೂ ಈ ಮಾತು ಸಲ್ಲುತ್ತದೆ.

ನನ್ನ ಈ ವಾದಕ್ಕೆ ಮೊದಲ ಆಕ್ಷೇಪ ಗಮಕದ ಕಡೆಯಿಂದ ಬರುತ್ತದೆ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಶತಮಾನಗಳಿಂದ ಕಿವಿಯಲ್ಲೇ ಸವಿದ ನಾಡು ಇದು. ಕಾದಂಬರಿ ಯಾವ ದೊಡ್ಡ ಕಷ್ಟ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಗಮಕದ ಸಭೆ ನಡೆಯುವ ಬಗೆಯನ್ನು ಗಮನಿಸಿ. ಗಮಕಿ ಷಟ್ಪದಿಯನ್ನು ವಾಚಿಸುತ್ತಾರೆ, ಬೇಕಾದ ಸಾಲನ್ನು ಮತ್ತೆ ಹೇಳುತ್ತಾರೆ. ಅವರು ನಿಲ್ಲಿಸಿದಲ್ಲಿ ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ. ಪ್ರಾಸ ಮತ್ತು ಮಾತ್ರೆಗಳು ನೆನಪಿಗೆ ಆಸರೆ. ಎಲ್ಲಕ್ಕಿಂತ ಮಿಗಿಲಾಗಿ, ಕರ್ಣ ಯಾರ ಮಗನೆಂದು ಕೂತವರಿಗೆಲ್ಲ ಮೊದಲೇ ಗೊತ್ತು. ಹಿಂದಕ್ಕೆ ಹೋಗಿಬರುವ ಏರ್ಪಾಡನ್ನು ನಮ್ಮ ಹಿರಿಯರು ಸಭೆಯೊಳಗೇ ಮಾಡಿಕೊಂಡಿದ್ದರು. ಕಥೆಯೇ ಗೊತ್ತಿಲ್ಲದ ಗದ್ಯ ಕಾದಂಬರಿಯ ಆಡಿಯೊಗೆ ಈ ಯಾವ ಆಸರೆಯೂ ಇಲ್ಲ.

ಎರಡನೆಯ ಆಕ್ಷೇಪ ಪ್ರಯೋಗಶಾಲೆಯದು. 2016ರಲ್ಲಿ ಅಮೆರಿಕದ ಬೆತ್ ರೊಗೊವ್‌ಸ್ಕಿ ಮತ್ತು ಸಂಗಡಿಗರು ಒಂದೇ ಪುಸ್ತಕದ ಭಾಗಗಳನ್ನು ಕೆಲವರಿಗೆ ಕೇಳಿಸಿ, ಕೆಲವರಿಂದ ಪರದೆಯ ಮೇಲೆ ಓದಿಸಿ ಪರೀಕ್ಷಿಸಿದರು. ಗ್ರಹಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ಅವರು ಆರಿಸಿದ್ದು ಎರಡನೆಯ ಮಹಾಯುದ್ಧದ ಒಬ್ಬ ಯೋಧನ ನಿಜಜೀವನದ ಕಥನ. ಒಬ್ಬನ ಹಿಂದೆ ನೇರವಾಗಿ ಸಾಗುವ ಕಥೆ ಕಿವಿಗೆ ಚೆನ್ನಾಗಿಯೇ ಇಳಿಯುತ್ತದೆ. ಮೂವತ್ತು ಜನರ ಬದುಕನ್ನು ಹೆಣೆಯುವ ಕಾದಂಬರಿಗೆ ಅದನ್ನು ಅನ್ವಯಿಸಲಾಗದು. ಇನ್ನು ಮೈಸೂರಿನ ರಂಗಾಯಣದ ಅಂಗಳದಲ್ಲಿ 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ‘ಮಲೆಗಳಲ್ಲಿ ಮದುಮಗಳು’ ನಾಟಕವಾಗಿ ರಾತ್ರಿಯಿಡೀ ನಡೆಯಿತಲ್ಲ, ಜನ ಬೆಳಗಾಗುವವರೆಗೆ ಕೂತು ನೋಡಲಿಲ್ಲವೇ ಎಂದರೆ, ಅಲ್ಲಿ ಮುಖವಿತ್ತು, ಉಡುಪಿತ್ತು, ನಡಿಗೆಯಿತ್ತು. ಹೆಸರು ಮರೆತರೂ ಆಳು ಗುರುತು ಸಿಗುತ್ತಿದ್ದ.

ಕಷ್ಟದ ಕೃತಿಗಳೆಲ್ಲ ಅಚ್ಚಿಗೇ ಸೇರಿದವು ಎಂದು ಮಾತ್ರ ತಿಳಿಯಬೇಡಿ. ದೇವನೂರ ಮಹಾದೇವರ ‘ಕುಸುಮಬಾಲೆ’ ಇದಕ್ಕೆ ತದ್ವಿರುದ್ಧ. ಪುಟದ ಮೇಲೆ ನಂಜನಗೂಡು ಸೀಮೆಯ ಆ ಆಡುಮಾತು ಹೊರಗಿನ ಓದುಗರನ್ನು ತಡೆದು ನಿಲ್ಲಿಸುತ್ತದೆ. ಬಲ್ಲವರು ಗಟ್ಟಿಯಾಗಿ ಓದಿದರೆ ಉಸಿರಿನ ಏರಿಳಿತದಲ್ಲೇ ಅರ್ಥ ಬಿಚ್ಚಿಕೊಳ್ಳುತ್ತದೆ. ವಿದ್ವಾಂಸ ಎಲ್. ಬಸವರಾಜು ಅವರು ಆ ಗದ್ಯವನ್ನು ಪದ್ಯದ ಸಾಲುಗಳಾಗಿ ಜೋಡಿಸಿದ್ದೂ ಅದರ ಲಯ ಕಿವಿಗೆ ಬಿದ್ದದ್ದರಿಂದಲೇ.

ದೃಷ್ಟಿ ಇಲ್ಲದವರಿಗೆ, ಕಣ್ಣು ಮಂಜಾದ ಹಿರಿಯರಿಗೆ ಧ್ವನಿಯೇ ಪುಸ್ತಕ. ಅವರಿಗೆ ಅಚ್ಚಿನ ಹೆಚ್ಚುಗಾರಿಕೆ ಹೇಳಿ ಪ್ರಯೋಜನವಿಲ್ಲ. ಆದ್ದರಿಂದ ಆಡಿಯೊ ಪುಸ್ತಕ ಮಾಡುವವರಲ್ಲಿ ನನ್ನ ವಿನಂತಿ: ದೊಡ್ಡ ಕಾದಂಬರಿಗಳಿಗೆ ಮನೆತನ ಮತ್ತು ಪಾತ್ರಗಳ ಪಟ್ಟಿಯನ್ನು ಬೇರೆಯಾಗಿ ಓದಿ, ಯಾವಾಗ ಬೇಕಾದರೂ ಕೇಳಿಸಿಕೊಳ್ಳುವಂತೆ ಇಡಿ, ಅಧ್ಯಾಯಗಳನ್ನು ಮಾತ್ರವಲ್ಲ, ಅವುಗಳೊಳಗಿನ ಸನ್ನಿವೇಶಗಳನ್ನೂ ಬಿಡಿಬಿಡಿಯಾಗಿ ಗುರುತಿಸಿ, ಒಳಮಾತಿಗೆ ನಾಟಕದ ದನಿ ಬೇಡ. ಕಣ್ಣಿರುವ ಕೇಳುಗರಿಗೂ ಒಂದು ಮಾತು. ಕಿವಿಯಲ್ಲಿ ಅರ್ಧಕ್ಕೆ ನಿಂತ ಕಾದಂಬರಿ ನಿಮ್ಮಲ್ಲಿ ಯಾವುದಾದರೂ ಇದ್ದರೆ, ಅದರ ಅಚ್ಚಿನ ಪ್ರತಿಯನ್ನು ಹತ್ತಿರದ ಗ್ರಂಥಾಲಯದಿಂದ ತನ್ನಿ. ಮೊದಲ ಐವತ್ತು ಪುಟಗಳನ್ನು ಓದಿ, ಬೇಕೆನಿಸಿದಾಗಲೆಲ್ಲ ಹಿಂದಕ್ಕೆ ತಿರುವಿ. ಹಿಡಿಸಿತೋ ಇಲ್ಲವೋ ಎಂಬುದನ್ನು ಆಮೇಲೆ ಹೇಳಿ.